ಅವರು ಎದ್ದು ಹೋದರೆ ಹೋಗಲಿ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಹೊಸ ಕೆಲಸದ ವಿಷಯ, ಮನೆ ಬದಲಿಸಿದ್ದು, ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದರ ಬಗ್ಗೆ ಬರೆಯುವುದಿಲ್ಲ. ಕಡೆಯ ಪುಟದಲ್ಲಿ, ಸಹಿಗೆ ಸ್ವಲ್ಪ ಮೇಲೆ, ಸುಮ್ನೆ ಸೇರಿಸಿದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ: 'ನಾನು ಬರೆದ ಕ್ಷಮಾಪಣೆ ಓದುವಾಗ ಅವರು ಎದ್ದು ಹೋಗಿಬಿಟ್ಟರೆ ಏನು ಮಾಡಲಿ ದೊಡ್ಡಮ್ಮ?' ನಿಮ್ಮ ಸಂಸ್ಥೆ ತನ್ನ ಹಳೆಯ ಮಕ್ಕಳ ಮನೆಯಲ್ಲಿ ಬೆಳೆದವರನ್ನು ಕರೆದು, ಅಲ್ಲಿ ಅವರಿಗಾದ ಅನ್ಯಾಯಕ್ಕೆ ಕ್ಷಮೆ ಕೇಳಲಿದೆ, ಅದನ್ನು ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆ. ಆ ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಎದ್ದು ಹೋಗಬಹುದು. ಆ ಮನೆಯಲ್ಲಿ ಬೆಳೆದವರಿಗೆ ಈಗ ನನ್ನಷ್ಟೇ ವಯಸ್ಸು ಇರಬೇಕು. ಇಷ್ಟು ವರ್ಷ ಯಾರೂ ಕೇಳಲಿಲ್ಲ. ಈಗ ಕರೆದು ಕೂರಿಸಿದ ಮಾತ್ರಕ್ಕೆ ಕೂತೇ ಇರಬೇಕು ಅಂತ ಏನಿದೆ?

ನನ್ನ ಹತ್ತಿರ ಪತ್ರಿಕೆಯ ತುಣುಕುಗಳ ಒಂದು ಕಟ್ಟು ಇದೆ. ಯಾವುದೇ ದೇಶದ ಸರ್ಕಾರ ಹಳೆಯ ತಪ್ಪಿಗೆ ಕ್ಷಮೆ ಕೇಳಿದರೆ ಆ ಸುದ್ದಿಯನ್ನು ಕತ್ತರಿಸಿ ಇಡುವ ಚಟ ನನಗೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಿನ್ನ ಸಾಲು ಓದಿದ ಮೇಲೆ ಆ ಕಟ್ಟು ಬಿಚ್ಚಿದೆ. ಎದ್ದು ಹೋದವರು, ಬೆನ್ನು ತಿರುಗಿಸಿದವರು ಅದರಲ್ಲಿ ಜಾಸ್ತಿಯೇ ಇದ್ದಾರೆ.

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ಹೆತ್ತವರ ಕೈಯಿಂದ ಕಿತ್ತುಕೊಂಡು ಸಂಸ್ಥೆಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿತ್ತು. ಆ ಬಗ್ಗೆ ದೊಡ್ಡ ವರದಿ ಬಂದದ್ದು 1997ರಲ್ಲಿ. ಅದೇ ಸಮಯದಲ್ಲಿ ಮೆಲ್ಬರ್ನ್‌ನ ಒಂದು ಸಮಾವೇಶದಲ್ಲಿ ಪ್ರಧಾನಿ ಜಾನ್ ಹೋವರ್ಡ್ ಮಾತಾಡಿದರು. ತಮಗೆ ವೈಯಕ್ತಿಕವಾಗಿ ದುಃಖವಿದೆ ಎಂದರು. ಆದರೆ ಹಿಂದಿನವರು ಮಾಡಿದ್ದಕ್ಕೆ ಈಗಿನ ಪೀಳಿಗೆ ಹೊಣೆ ಹೊರಬೇಕಿಲ್ಲ ಎಂದರು. ಸಭಿಕರಲ್ಲಿ ಎಷ್ಟೋ ಜನ ಎದ್ದು ಬೆನ್ನು ತಿರುಗಿಸಿ ನಿಂತರು. ಹನ್ನೊಂದು ವರ್ಷ ಆದ ಮೇಲೆ, 2008ರ ಫೆಬ್ರವರಿ 13ರಂದು, ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನೇರವಾಗಿ ಕ್ಷಮೆ ಕೇಳಿದರು. ಜನ ಅತ್ತರು, ಚಪ್ಪಾಳೆ ತಟ್ಟಿದರು. ಅವರ ನಂತರ ವಿರೋಧ ಪಕ್ಷದ ನಾಯಕರು ಎದ್ದು ನಿಂತರು. ಅವರೂ ಕ್ಷಮೆಯನ್ನು ಬೆಂಬಲಿಸಿದರು. ಆದರೆ ಆಗಿನವರ ಉದ್ದೇಶ ಒಳ್ಳೆಯದಿತ್ತು ಎನ್ನುವ ಅರ್ಥದ ಮಾತೂ ನಡುವೆ ಬಂತು. ಪರದೆಯ ಮೇಲೆ ನೋಡುತ್ತಿದ್ದ ಜನ ಮತ್ತೆ ಬೆನ್ನು ತಿರುಗಿಸಿದರು. ಅದೇ ದಿನ, ಅದೇ ಕ್ಷಮೆಗೆ ಬೆಂಬಲ, ಆದರೂ ನೋಡು.

ಹಾಗಾಗಿ, ಹೇಳಬೇಕೋ ಬೇಡವೋ ಗೊತ್ತಿಲ್ಲ, ನಿನ್ನ ಕರಡಿನಲ್ಲಿ 'ಆ ಕಾಲದಲ್ಲಿ ಎಲ್ಲ ಕಡೆ ಹಾಗೇ ಇತ್ತು' ಅನ್ನುವ ಮಾತು ಇದ್ದರೆ ತೆಗೆದುಬಿಡು. ಅದು ನಿಜವೇ ಇರಬಹುದು. ಆದರೆ ಅದನ್ನು ಹೇಳುವ ಜಾಗ ಅದಲ್ಲ.

ಈಗ ನನ್ನ ಚಟದ ಕಾರಣ. ನಿನ್ನ ತಾತನ ಕೆಲಸ ಹೋದ ಕಥೆ ನಿನಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಆದರೆ ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಆ ಕಚೇರಿಯಿಂದ ಒಬ್ಬ ಹುಡುಗ ಮನೆಗೆ ಬಂದಿದ್ದ. ಅದು ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ, ಅವಳು ಆಗ ಇಲ್ಲಿರಲಿಲ್ಲ. ತಾತನ ಹೆಸರಿಗೇ ಬರೆದ ಪತ್ರ. ಹಳೆಯ ಆದೇಶ ವಾಪಸ್ ಪಡೆದಿದ್ದೇವೆ, ತಮಗಾದ ತೊಂದರೆಗೆ ವಿಷಾದಿಸುತ್ತೇವೆ ಅಂತ ಇತ್ತು. ಹುಡುಗ ಅದನ್ನು ನಿಂತುಕೊಂಡೇ ಓದತೊಡಗಿದ. ಎರಡನೇ ಸಾಲಿಗೆ ಅಜ್ಜಿ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ಏನೂ ಬೈಯಲಿಲ್ಲ. ಸುಮ್ಮನೆ ಹೋದರು.

ಆ ಹುಡುಗನ ಮುಖ ಈಗಲೂ ನೆನಪಿದೆ. ನಿನ್ನ ವಯಸ್ಸೇ ಇರಬೇಕು. ತಾತನ ಕೆಲಸ ಹೋದಾಗ ಅವನು ಹುಟ್ಟಿಯೇ ಇರಲಿಲ್ಲ. ಅವನು ಅಜ್ಜಿಯನ್ನು ಕರೆಯಲಿಲ್ಲ. ಇನ್ನೂ ಜೋರಾಗಿ ಓದಲಿಲ್ಲ. ಪತ್ರ ಮಡಿಸಿ ನನ್ನ ಕೈಗೆ ಕೊಟ್ಟು, 'ಅವರಿಗೆ ಏನಾದರೂ ಕೇಳಬೇಕು ಅನ್ನಿಸಿದರೆ ಬರೆಯಿರಿ' ಅಂದ. ಅವನ ಹೆಸರನ್ನೂ ನಾನು ಕೇಳಲಿಲ್ಲ. ಅಜ್ಜಿಗೆ ಯಾವ ಮಾತು ಕೇಳಬೇಕಿತ್ತು ಅಂತಲೂ ಗೊತ್ತಾಗಲಿಲ್ಲ. ಅವರೂ ಹೇಳಲಿಲ್ಲ, ನಾನೂ ಕೆದಕಲಿಲ್ಲ, ಅಷ್ಟರಲ್ಲಿ ಅವರೂ ಹೋದರು. ಈಗ ನನಗೆ ಅದೊಂದು ಕೊರಗು. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಅಜ್ಜಿ ಎದ್ದು ಹೋದದ್ದಕ್ಕೆ ಆ ಹುಡುಗನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅವನು ಊಟ ಮಾಡಿದನಾ ಅಂತ ಸಂಜೆ ನನ್ನನ್ನೇ ಕೇಳಿದರು.

ಆದರೆ ಎದ್ದು ಹೋಗುವುದಕ್ಕೆ ಎಷ್ಟೋ ಸಲ ಕಾರಣ ನಾವೇ ಕೊಟ್ಟಿರುತ್ತೇವೆ, ಅಲ್ವಾ? ಕೆನಡಾದ ಸಂಗತಿ ನೋಡು. 2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್, ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಲ್ಲಿ ಕೂಡಿಹಾಕಿದ್ದಕ್ಕೆ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಮೂಲನಿವಾಸಿ ನಾಯಕರನ್ನು ಸದನದ ಒಳಗೇ ಕೂರಿಸಿದ್ದರು. ಅವರಿಗೆ ಅಲ್ಲೇ ಉತ್ತರ ಹೇಳಲು ಅವಕಾಶ ಸಿಕ್ಕಿತು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಪ್ರಧಾನಿ ಕೊಮಗಾಟ ಮಾರು ಹಡಗಿನ ವಿಷಯಕ್ಕೆ ಕ್ಷಮೆ ಕೇಳಿದರು. 1914ರಲ್ಲಿ 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂದ ಹಡಗು ಅದು, ಬಹುಪಾಲು ಪಂಜಾಬಿನವರು. ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ, ಹೆಚ್ಚಿನವರನ್ನು ವಾಪಸ್ ಅಟ್ಟಿದರು. ಇಲ್ಲಿಗೆ ಬಂದ ಮೇಲೆ ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಪೊಲೀಸರ ಗುಂಡಿಗೆ ಹಲವರು ಸತ್ತರು. ಇಂಥದ್ದಕ್ಕೆ ಕ್ಷಮೆ ಕೇಳಿದ್ದು ಎಲ್ಲಿ? ಸರ್ರೆ ಎಂಬಲ್ಲಿನ ಒಂದು ಪಾರ್ಕಿನಲ್ಲಿ. ಪ್ರಧಾನಿ ವೇದಿಕೆ ಇಳಿದು ಹೋದ ಕೂಡಲೇ, ಇದನ್ನು ನಾವು ಒಪ್ಪುವುದಿಲ್ಲ, ಸಂಸತ್ತಿನಲ್ಲಿ ಹೇಳಿ ಅಂತ ಅದೇ ವೇದಿಕೆಯಿಂದ ಸಮುದಾಯದವರು ಹೇಳಿದರು. ಸಂಸತ್ತಿನಲ್ಲಿ ಆ ಮಾತು ಬಂದದ್ದು 2016ರ ಮೇ 18ರಂದು, ಜಸ್ಟಿನ್ ಟ್ರುಡೊ ಬಾಯಿಂದ.

ನಿಮ್ಮ ಸಭೆ ಎಲ್ಲಿ ಅಂತ ನೀನು ಬರೆದಿಲ್ಲ. ಎಲ್ಲಿ ಓದಬೇಕು ಅಂತ ಆ ಮನೆಯಲ್ಲಿ ಬೆಳೆದವರನ್ನೇ ಕೇಳಬಹುದೇನೋ. ನಿಮ್ಮ ಅಧ್ಯಕ್ಷರ ನಂತರ ಅವರಲ್ಲಿ ಮಾತಾಡಬೇಕು ಅನ್ನಿಸಿದವರಿಗೆ ಮೈಕ್ ಕೊಡಿ. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡಿ.

ಇನ್ನೊಂದು ನನ್ನನ್ನು ಕೊರೆಯುತ್ತಿದೆ. ಬರೆಯುವುದು ನೀನು, ಓದುವುದು ಅಧ್ಯಕ್ಷರು. ಬೇರೆಯವರು ಬರೆದದ್ದನ್ನು ಮಗ್ಗಿ ಒಪ್ಪಿಸಿದ ಹಾಗೆ ಓದಿದರೆ ಎದುರಿಗೆ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. 1997ರಲ್ಲಿ, ಐರ್ಲೆಂಡಿನ 1840ರ ದಶಕದ ಕ್ಷಾಮದ ಬಗ್ಗೆ, ಆಗ ಲಂಡನ್ನಿನಲ್ಲಿ ಆಳುತ್ತಿದ್ದವರು ತಮ್ಮ ಜನರ ಕೈಬಿಟ್ಟರು ಎಂಬ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಹೆಸರಿನ ಸಂದೇಶವನ್ನು ಅಲ್ಲಿನ ಒಂದು ಸಮಾರಂಭದಲ್ಲಿ ಒಬ್ಬ ನಟ ಓದಿದರು. ಎಲ್ಲರೂ ಮೆಚ್ಚಿದರು. 2021ರಲ್ಲಿ ಸರ್ಕಾರದ ಹಳೆಯ ಕಡತಗಳು ಬಯಲಾದಾಗ ಗೊತ್ತಾಯಿತು, ಆ ಹೊತ್ತಿಗೆ ಬ್ಲೇರ್ ಸಂಪರ್ಕಕ್ಕೇ ಸಿಗದೆ ಸಹಾಯಕರೇ ಬರೆದು ಕಳಿಸಿದ್ದರು ಅಂತ. ಮಾತು ಸುಳ್ಳಾಗಿರಲಿಲ್ಲ, ಆದರೂ ಓದಿ ನನಗೆ ಮೋಸ ಹೋದ ಹಾಗೆ ಆಯಿತು. ನಿಮ್ಮ ಅಧ್ಯಕ್ಷರು ಆ ಮಕ್ಕಳ ಮನೆಯಲ್ಲಿದ್ದ ಯಾರನ್ನಾದರೂ ಭೇಟಿಯಾಗಿದ್ದಾರಾ? ಆಗಿಲ್ಲದಿದ್ದರೆ ಓದುವ ಮೊದಲು ಆಗಲಿ. ನೀನು ಹೇಳಿದರೆ ಕೇಳುತ್ತಾರೋ ಇಲ್ಲವೋ, ಚಿಕ್ಕವಳು ಅಂತ ತಳ್ಳಿಹಾಕಿದರೆ ಬೇಜಾರು ಮಾಡಿಕೊಳ್ಳಬೇಡ.

ವಕೀಲರು 'ಕ್ಷಮಿಸಿ ಅನ್ನಬೇಡಿ, ಕೇಸಾಗುತ್ತದೆ' ಅಂದರು ಅಂತ ಬರೆದಿದ್ದೀಯ. ನಾನು ವಕೀಲಳಲ್ಲ. ಆದರೆ ಆ ಭಯ ಇರಬಾರದು ಅಂತಲೇ ಕೆನಡಾದ ಒಂಟಾರಿಯೊದಲ್ಲಿ 2009ರಲ್ಲಿ ಒಂದು ಕಾನೂನು ಮಾಡಿದರು. ಕ್ಷಮೆ ಕೇಳಿದ್ದನ್ನೇ ಸಿವಿಲ್ ಕೇಸಿನಲ್ಲಿ ತಪ್ಪೊಪ್ಪಿಗೆ ಅಂತ ಹಿಡಿಯುವ ಹಾಗಿಲ್ಲ. ಎಲ್ಲ ಕಡೆ ಹೀಗಿಲ್ಲ. ನಿಮ್ಮಲ್ಲಿ ಹೇಗಿದೆ ಅಂತ ಅವರನ್ನೇ ಕೇಳು. 'ಕೆಲವು ಸಿಬ್ಬಂದಿಯಿಂದ ತಪ್ಪಾಗಿದೆ' ಅಂತ ಬರೆಯಲು ಅವರು ಹೇಳಿದರೆ ಮಾತ್ರ ಒಪ್ಪಬೇಡ. 2022ರಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೇ ಹೋಗಿ, ಅದೂ ಆ ವಯಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ, ಬಹುಪಾಲು ಚರ್ಚುಗಳೇ ನಡೆಸುತ್ತಿದ್ದ ಆ ವಸತಿ ಶಾಲೆಗಳ ವಿಷಯಕ್ಕೆ ಕ್ಷಮೆ ಕೇಳಿದರು. ಎಷ್ಟೋ ಜನರ ಮನಸ್ಸು ಕರಗಿತು. ಆದರೆ ಕ್ರೈಸ್ತರಲ್ಲಿ ಅನೇಕರು ಮಾಡಿದ ಕೆಡುಕು ಎಂದರೇ ಹೊರತು ಚರ್ಚ್ ಒಂದು ಸಂಸ್ಥೆಯಾಗಿ ಮಾಡಿದ್ದು ಎನ್ನಲಿಲ್ಲ ಅಂತ ಇನ್ನು ಕೆಲವರು ನೊಂದುಕೊಂಡರು.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಎಲ್ಲರೂ ಒಂದೇ ಸಲ ಎದ್ದು ಹೋಗುವುದಿಲ್ಲ ಪುಟ್ಟಿ. ಕೆಲವರು ಹೋಗುತ್ತಾರೆ, ಕೆಲವರು ಕೂರುತ್ತಾರೆ. ಕಷ್ಟ ಇರುವುದು ಅಲ್ಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೈನ್ಯ ಬಲವಂತವಾಗಿ ಇಟ್ಟುಕೊಂಡಿದ್ದ ಹೆಂಗಸರಿಗಾಗಿ 1995ರಲ್ಲಿ ಅಲ್ಲಿ ಒಂದು ನಿಧಿ ಶುರುವಾಯಿತು. ಪರಿಹಾರದ ಹಣದ ಜೊತೆ ಪ್ರಧಾನಿಯ ಸಹಿ ಇದ್ದ ಪತ್ರ. ಆದರೆ ಆ ಹಣ ಸರ್ಕಾರದ್ದಲ್ಲ, ಜನರಿಂದ ಕೂಡಿಸಿದ್ದು ಅಂತ ದಕ್ಷಿಣ ಕೊರಿಯಾದಲ್ಲಿ ಬಹಳ ಮಂದಿ ಮುಟ್ಟಲಿಲ್ಲ. ಕೆಲವರು ತೆಗೆದುಕೊಂಡರು. ತೆಗೆದುಕೊಂಡವರನ್ನು ಅವರ ಕಡೆಯವರೇ ಆಡಿಕೊಂಡರು. ಅದಕ್ಕೇ ಹೇಳುತ್ತಿದ್ದೇನೆ, ಕೂತವರ ಕೈ ಕುಲುಕುವ ಫೋಟೋ ತೆಗೆಸಬೇಡಿ. ಆ ಫೋಟೋ ನಾಳೆ ಎದ್ದು ಹೋದವರ ವಿರುದ್ಧ ಸಾಕ್ಷಿಯಾಗುತ್ತದೆ. 'ದಯವಿಟ್ಟು ನಮ್ಮನ್ನು ಕ್ಷಮಿಸಿ' ಅನ್ನುವ ಕೊನೆಯ ಸಾಲೂ ಬೇಡ ಅಂತ ನನ್ನ ಅಭಿಪ್ರಾಯ. ಆದದ್ದು ನಮ್ಮ ತಪ್ಪು ಅಂತ ಹೇಳಿ ನಿಲ್ಲಿಸಿ. ಕ್ಷಮಿಸುವ ಕೆಲಸವನ್ನೂ ಅವರ ತಲೆಗೆ ಕಟ್ಟುವುದು ಯಾಕೆ?

ವಾರ್ಷಿಕೋತ್ಸವದ ದಿನಕ್ಕೆ ಇಟ್ಟುಕೊಳ್ಳೋಣ ಅನ್ನುವ ಮಾತು ನಿಮ್ಮಲ್ಲಿ ಇದೆಯಂತೆ. ಬೇಡ. ವಯಸ್ಸಾದವರಿಗೆ ಅಷ್ಟು ದಿನ ಕಾಯಲು ಆಗದೇ ಇರಬಹುದು. ಅದೇ ಯುದ್ಧದ ಸಮಯದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ ಜಪಾನಿ ಮೂಲದವರಿಗೆ ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವುದೆಂದಾಯಿತು. 1990ರಲ್ಲಿ ಚೆಕ್ ಕೊಡುವಾಗ ಎಲ್ಲರಿಗಿಂತ ಹಿರಿಯರಿಂದ ಶುರು ಮಾಡಿದರು. ನನ್ನ ಕಟ್ಟಿನಲ್ಲಿ ನನಗೆ ಬಹಳ ಹಿಡಿಸಿದ ಸುದ್ದಿ ಅದು. ನಿಮ್ಮ ಪಟ್ಟಿಯಲ್ಲೂ ಎಲ್ಲರಿಗಿಂತ ವಯಸ್ಸಾದವರು ಯಾರು ಅಂತ ನೋಡು. ಅವರಿಗೆ ಬರಲು ಆಗದಿದ್ದರೆ ಅಧ್ಯಕ್ಷರೇ ಮೊದಲು ಅಲ್ಲಿಗೆ ಹೋಗಲಿ.

ಆ ಮನೆಯಲ್ಲಿ ಬೆಳೆದವರ ಕಡತಗಳು ಇನ್ನೂ ನಿಮ್ಮ ಹತ್ತಿರ ಇರಬೇಕಲ್ಲ? ಯಾವ ಮಗು ಯಾವಾಗ ಬಂತು, ಯಾರು ತಂದು ಬಿಟ್ಟರು, ಅಣ್ಣ ತಮ್ಮಂದಿರು ಇದ್ದರಾ, ಯಾರಾದರೂ ಹುಡುಕಿಕೊಂಡು ಬಂದಿದ್ದರಾ. ಎದ್ದು ಹೋದವರಿಗೂ ಅದು ಬೇಕಾಗುತ್ತದೆ. ಕೇಳಿದವರಿಗೆಲ್ಲ ಅವರವರ ಕಡತದ ಪ್ರತಿ ಕೊಡುತ್ತೀರಾ, ಅದಕ್ಕೆ ಒಬ್ಬರನ್ನು ನೇಮಿಸುತ್ತೀರಾ ಅಂತ ಮೇಲಿನವರನ್ನು ಕೇಳು. ಅವರು ಏನಂದರು ಅಂತ ನನಗೆ ಬರೆ. ಕರಡನ್ನೂ ಕಳಿಸು, ಸ್ವಲ್ಪ ದೊಡ್ಡ ಅಕ್ಷರದಲ್ಲಿ.

ನಿನ್ನ,
ದೊಡ್ಡಮ್ಮ