ನೋವು ಹೋಯಿತೆಂದು ಮೈಮರೆಯಬೇಡ

ಪ್ರೀತಿಯ ರಘು,

ನಿನ್ನೆ ಫೋನಿನಲ್ಲಿ "ನೋವು ಹೋಯ್ತು, ಡಿಸ್ಚಾರ್ಜ್ ಆಯ್ತು, ಸೋಮವಾರದಿಂದ ಡ್ಯೂಟಿಗೆ ಹೋಗ್ತೀನಿ" ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಮೂರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ.

ನನಗೂ ನಿನ್ನಂತೆ ಪಿತ್ತಕೋಶದ ಕಲ್ಲಿನಿಂದಲೇ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಹತ್ತು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದೆ. ಐದನೇ ವಾರ ಮಲ ಡಾಂಬರಿನ ಹಾಗೆ ಕಪ್ಪಗಾಯಿತು. ಕಬ್ಬಿಣದ ಮಾತ್ರೆಯ ಬಣ್ಣವಿರಬೇಕೆಂದು ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಬಚ್ಚಲಲ್ಲಿ ಕುಸಿದುಬಿದ್ದೆ.

ಎಂಡೋಸ್ಕೋಪಿಯಲ್ಲಿ ಹುಣ್ಣು ಏನೂ ಕಾಣಲಿಲ್ಲ. ಸಿ.ಟಿ. ಆಂಜಿಯೋಗ್ರಾಂ ಮಾಡಿದ ಮೇಲೆ ಗೊತ್ತಾಯಿತು. ಹೊಟ್ಟೆಯ ಎಡಗಡೆಯ ಗುಲ್ಮಕ್ಕೆ (ಸ್ಪ್ಲೀನ್) ರಕ್ತ ಒಯ್ಯುವ ಅಪಧಮನಿ ಈ ಗ್ರಂಥಿಯ ಮೇಲಂಚಿನಲ್ಲೇ ಹಾದುಹೋಗುತ್ತದೆ. ತಿಂದದ್ದನ್ನು ಕರಗಿಸಬೇಕಾದ ರಸ ಸೋರಿ ಆ ನಾಳದ ಗೋಡೆಯನ್ನೇ ತಿಂದುಹಾಕಿತ್ತು. ಅಲ್ಲೊಂದು ಗುಳ್ಳೆ ಎದ್ದಿತ್ತು, ಸೂಡೋಅನ್ಯೂರಿಸಮ್ ಅನ್ನುತ್ತಾರೆ. ಅದರ ರಕ್ತವೇ ಗ್ರಂಥಿಯ ಕೊಳವೆಯೊಳಗೆ ಹಾದು ಕರುಳಿಗೆ ಇಳಿಯುತ್ತಿತ್ತು. ಇಂಥ ಗುಳ್ಳೆ ಪೂರ್ತಿ ಒಡೆಯುವ ಮೊದಲು ಹೀಗೆ ಸ್ವಲ್ಪ ಸ್ವಲ್ಪವೇ ಜಿನುಗುವುದುಂಟಂತೆ. ಆ ಎರಡು ದಿನ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ತೊಡೆಸಂದಿನ ನಾಳದಿಂದ ಸಣ್ಣ ಕೊಳವೆ ತೂರಿಸಿ, ಲೋಹದ ಕಾಯಿಲ್ ಇಟ್ಟು ರಕ್ತ ನಿಲ್ಲಿಸಿದರು. ಹೊಟ್ಟೆ ಕೊಯ್ಯಲಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ, ಅಪರೂಪವೇ. ಆದರೂ ನಿನ್ನ ಸಿ.ಟಿ. ರಿಪೋರ್ಟ್ ತೆಗೆದು 'ಸ್ಪ್ಲೀನಿಕ್ ವೇನ್' ಅನ್ನುವ ಸಾಲು ಹುಡುಕು. ಗುಲ್ಮದಿಂದ ರಕ್ತ ವಾಪಸು ಒಯ್ಯುವ ಆ ಅಭಿಧಮನಿ ಗ್ರಂಥಿಯ ಬೆನ್ನಿಗೇ ಅಂಟಿಕೊಂಡಿದೆ. ಉರಿಯೂತಕ್ಕೆ ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ, ಗುಲ್ಮದ ರಕ್ತ ಜಠರದ ಸಣ್ಣ ನಾಳಗಳಲ್ಲಿ ಸುತ್ತುದಾರಿ ಹಿಡಿಯುತ್ತದೆ. ಲಿವರ್ ಚೆನ್ನಾಗಿದ್ದರೂ ಜಠರದ ಮೇಲ್ಭಾಗದ ನಾಳಗಳು ಉಬ್ಬಿ ರಕ್ತ ವಾಂತಿಯಾಗಬಹುದು. ಕೆಲವರಿಗೆ ಗುಲ್ಮದ ಒಂದು ಭಾಗವೇ ರಕ್ತ ಸಿಗದೆ ಸಾಯುತ್ತದೆ. ಆಗ ಎಡ ಪಕ್ಕೆಲುಬಿನ ಕೆಳಗೆ, ಎಡ ಭುಜದಲ್ಲಿ ನೋವು ಬರುತ್ತದೆ. ಅದನ್ನು ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಬೇಡ.

ರಕ್ತ ತೆಳುಮಾಡುವ ಮಾತ್ರೆ ಬೇಕೇ ಬೇಡವೇ ಅನ್ನುವುದನ್ನು ಡಾಕ್ಟರೇ ನೋಡಿ ಹೇಳಬೇಕು, ಯಾರದೋ ಮಾತು ಕೇಳಿ ನೀನೇ ಶುರುಮಾಡಬೇಡ. ಪಿತ್ತಕೋಶದ ಆಪರೇಷನ್ನಿಗೆ ಯಾವ ದಿನ ಕೊಟ್ಟಿದ್ದಾರೆ? ಮಗಳ ಪರೀಕ್ಷೆ ಮುಗಿಯಲಿ ಅಂತ ನೀನಾಗಿಯೇ ಮುಂದೂಡಬೇಡ. ಕಲ್ಲು ಒಳಗಿರುವ ತನಕ ಇದು ಮತ್ತೆ ಬರಬಹುದು.

ಸುಮಾಗೂ ಈ ಪತ್ರ ಓದಲು ಕೊಡು. ಮಲ ಕಪ್ಪಾದರೆ, ತಲೆ ಸುತ್ತಿದರೆ, ನಡುರಾತ್ರಿಯಾದರೂ ಸರಿ, ಹೊರಟುಬಿಡಿ. ರಿಪೋರ್ಟಿನ ಫೋಟೋ ಇವತ್ತೇ ಕಳಿಸು. ಶನಿವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ, ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ.

ನಿನ್ನ,
ಶ್ರೀಧರ