ಪತ್ತನಾಜೆಯ ಒಳಗೆ ಮಾಡು ನೋಡಿಸಿ

ಗಲ್ಫಿನಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗುವುದು ಜುಲೈ, ಆಗಸ್ಟ್‌ನಲ್ಲಿ. ಮಕ್ಕಳಿಗೆ ಶಾಲೆಗೆ ರಜೆ ಸಿಗುವುದೇ ಆಗ. ಊರಿನಲ್ಲಿ ಆಗ ಮಳೆ ಜೋರು. ಮನೆಯ ಮಾಡು (ಛಾವಣಿ) ಸೋರುವುದು ನಮ್ಮ ಕಣ್ಣಿಗೆ ಬೀಳುವುದೂ ಆಗಲೇ, ಅದನ್ನು ಸರಿ ಮಾಡಲು ಜನ ಸಿಗದ ಕಾಲವೂ ಅದೇ. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಯಾರು ಹತ್ತುತ್ತಾರೆ? ಹತ್ತಿಸಲೂಬಾರದು. "ಮಳೆ ಬಿಡಲಿ, ನೋಡುವ" ಎಂದು ಹೇಳಿ ವಾಪಸ್ ಬರುತ್ತೇವೆ. ಮಳೆ ಬಿಟ್ಟ ಮೇಲೆ ಸೋರುವುದೂ ನಿಲ್ಲುತ್ತದೆ, ವಿಷಯವೂ ಮರೆತು ಹೋಗುತ್ತದೆ. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಬಕೆಟ್.

ಅದಕ್ಕೇ ಈ ಏಪ್ರಿಲ್ ಸಂಚಿಕೆಯಲ್ಲಿ ನನ್ನ ಕೇಳಿಕೆ ಒಂದೇ. ಮಂಗಳೂರು, ಉಡುಪಿ ಕಡೆ ಮನೆ ಇರುವವರು ಮಳೆಗೆ ಮೊದಲು ಮಾಡನ್ನು ನೋಡಿಸಿ. ನೋಡಿಸಿದ್ದರ ಫೋಟೋ, ಬಿಲ್ಲು, ಚೀಟಿ ನಿಮ್ಮ ಕೈಯಲ್ಲಿ ಇರಲಿ. ಇಲ್ಲಿಂದಲೇ ಮಾಡಿಸಬಹುದಾದ ಕೆಲಸ ಇದು.

ಗಡುವು ಯಾವುದು ಎಂದು ನಮ್ಮ ಹಿರಿಯರಿಗೆ ಕೇಳಬೇಕಾಗಿರಲಿಲ್ಲ. ತುಳುವರ ಲೆಕ್ಕದ ಬೇಶ ತಿಂಗಳ ಹತ್ತು, ಅಂದರೆ ಮೇ 24–25ರ ಹೊತ್ತಿಗೆ ಪತ್ತನಾಜೆ. ಅಂದಿಗೆ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಕಟ್ಟಿಗೆ ಒಳಗೆ ಸೇರಿರಬೇಕು, ಮಾಡಿನ ಕೆಲಸ ಮುಗಿದಿರಬೇಕು. ಈಗೀಗ ಆ ಲೆಕ್ಕಕ್ಕೂ ಮೊದಲೇ ಗಾಳಿ ಮಳೆ ಬರುತ್ತಿದೆ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಬದಿಯಲ್ಲಿ ಹಾದು ಹೋದದ್ದು 2021ರ ಮೇ 15, 16ರಂದು. ಅದು ದಡಕ್ಕೆ ಅಪ್ಪಳಿಸಿದ್ದು ಗುಜರಾತಿನಲ್ಲಿ, ಆದರೆ ಉಳ್ಳಾಲ, ಕಾಪು, ಪಡುಬಿದ್ರೆ ಕಡೆಯವರು ಆ ಎರಡು ದಿನ ಮರೆಯಲಿಕ್ಕಿಲ್ಲ. 2018ರಲ್ಲಿ ಮಂಗಳೂರು ಪೇಟೆಯೊಳಗೆ ನೀರು ತುಂಬಿದ್ದು ಮೇ 29ಕ್ಕೆ. ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳಕ್ಕೆ ಬರುವ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂತು. ಆದ್ದರಿಂದ ಪತ್ತನಾಜೆಯನ್ನು ಕೊನೆಯ ದಿನ ಎಂದು ಇಟ್ಟುಕೊಳ್ಳಿ. ಮೇ ಮೊದಲ ವಾರಕ್ಕೆ ಮುಗಿದರೆ ಒಳ್ಳೆಯದು.

ಮೊದಲು ಹಂಚಿನ ಮನೆಯ ವಿಷಯ. ಮಂಗಳೂರು ಹಂಚಿಗೆ ಮೊಳೆ ಇಲ್ಲ. ಹಿಂಬದಿಯ ಕಿವಿ ರೀಪಿಗೆ (ಹಂಚು ಹೊರುವ ಮರದ ಪಟ್ಟಿಗೆ) ಸಿಕ್ಕಿಕೊಂಡು, ಎರಡು ಕಿಲೋಗಿಂತ ಜಾಸ್ತಿಯ ತನ್ನ ತೂಕದಲ್ಲೇ ಹಂಚು ಕುಳಿತಿರುತ್ತದೆ. ಒಂದರ ಅಂಚು ಇನ್ನೊಂದರ ತೋಡಿನೊಳಗೆ ಕೂತರೆ ಮಾತ್ರ ನೀರು ಕೆಳಗಿಳಿಯದೆ ಹರಿದು ಹೋಗುತ್ತದೆ. ತೆಂಗಿನ ಗರಿ ಬಿದ್ದೋ ಮಂಗಗಳು ಓಡಾಡಿಯೋ ಒಂದು ಹಂಚು ಬೆರಳಿನಷ್ಟು ಜರುಗಿದರೂ ಸಾಕು, ನೀರು ರೀಪಿಗೆ ಇಳಿಯುತ್ತದೆ. ಒದ್ದೆಯಾದ ರೀಪಿಗೆ ಗೆದ್ದಲು ಬರುತ್ತದೆ, ಅಲ್ಲಿಂದ ರೀಪನ್ನು ಹೊತ್ತ ಪಕ್ಕಾಸಿಗೆ. ಒಂದು ಹಂಚು ಸರಿ ಮಾಡದೆ ಬಿಟ್ಟದ್ದಕ್ಕೆ ಐದಾರು ವರ್ಷದಲ್ಲಿ ಒಂದು ಬದಿಯ ಮರವನ್ನೇ ಬದಲಾಯಿಸಬೇಕಾಗುತ್ತದೆ. ಹಂಚು ತೆಗೆದು, ಗುಡಿಸಿ, ಒಡೆದದ್ದು ಬದಲಿಸಿ ಮತ್ತೆ ಕೂರಿಸುವ ಕೆಲಸ ಗೊತ್ತಿರುವವರು ಈಗ ಕಡಿಮೆ. ಇರುವವರಿಗೆ ಮೇ ತಿಂಗಳಲ್ಲಿ ಪುರುಸೊತ್ತಿಲ್ಲ. ಅವರ ದಿನ ಏಪ್ರಿಲ್‌ನಲ್ಲೇ ಗೊತ್ತು ಮಾಡಬೇಕು.

ಕೆಲಸದವರು ಹಂಚು ತೆಗೆದಿಟ್ಟಾಗ ಒಂದರ ಹಿಂಬದಿಯ ಫೋಟೋ ತೆಗೆಸಿ. ಕಾರ್ಖಾನೆಯ ಹೆಸರು ಅಲ್ಲಿ ಅಚ್ಚೊತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಈಗ ಹೆಚ್ಚಿನವು ಮುಚ್ಚಿವೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಸುಮ್ನೆ "ಐವತ್ತು ಹಂಚು ತನ್ನಿ" ಎಂದರೆ ಬಂದದ್ದು ಉಪಯೋಗಕ್ಕೆ ಬರದೇ ಇರಬಹುದು. ಹೆಸರು ಗೊತ್ತಿದ್ದರೆ ಹಳೆ ಮನೆ ಕೆಡವಿದ ಹಂಚು ಮಾರುವವರ ಹತ್ತಿರ ಅದೇ ಜಾತಿಯದ್ದು ಹುಡುಕಬಹುದು. ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚು ಹಿಡಿಯುತ್ತದೆ. ಒಂದಷ್ಟು ಹಂಚು ಹಿತ್ತಿಲಲ್ಲಿ ಹೆಚ್ಚಿಗೆ ಇರಲಿ. ಬಯಲಿನಲ್ಲಿ, ಕಡಲಿಗೆ ಹತ್ತಿರ ಮನೆ ಇದ್ದರೆ ಅಂಚಿನ ಎರಡು ಸಾಲನ್ನು ಸರಿಗೆಯಲ್ಲಿ ರೀಪಿಗೆ ಕಟ್ಟಿಸಿ. ಹಂಚಿನ ಕಿವಿಯಲ್ಲಿ ಸಣ್ಣ ತೂತು ಇರುವುದು ಅದಕ್ಕೇ.

ಇನ್ನು ಟೆರೇಸಿನ ಮೇಲಿನ ಶೀಟು. ನನಗೆ ಹಂಚಿಗಿಂತ ಹೆಚ್ಚು ಹೆದರಿಕೆ ಇದರದ್ದು. ಸ್ಲ್ಯಾಬ್ ಸೋರಬಾರದು, ಬಟ್ಟೆ ಒಣಗಬೇಕು, ಅಡಿಕೆ ಹರಡಬೇಕು ಎಂದು ಊರಿನಲ್ಲಿ ಆರ್‌ಸಿಸಿ ಮನೆಗಳ ಮೇಲೆಲ್ಲ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸಿದ್ದಾರೆ. ಗಾಳಿ ಮಾಡಿನ ಮೇಲಿಂದ ಜೋರಾಗಿ ಹಾದು ಹೋಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ ಮಾಡನ್ನು ಮೇಲಕ್ಕೆ ಸೆಳೆಯುತ್ತದೆ. ಅಂಚಿನಲ್ಲಿ, ಮೂಲೆಯಲ್ಲಿ, ನೆತ್ತಿಯಲ್ಲಿ ಈ ಸೆಳೆತ ಜಾಸ್ತಿ. ಸುತ್ತ ಗೋಡೆಯಿಲ್ಲದ ಟೆರೇಸಿನಲ್ಲಿ ಕೆಳಗಿನಿಂದಲೂ ಗಾಳಿ ನುಗ್ಗಿ ಎತ್ತುತ್ತದೆ, ಕಡಲ ಬದಿಯಲ್ಲಿ ಕೊಡೆ ಉಲ್ಟಾ ಆಗುತ್ತದಲ್ವಾ, ಹಾಗೆ. ಆ ಹೊತ್ತಿಗೆ ಇಡೀ ಶೀಟನ್ನು ಹಿಡಿದಿಡುವುದು ಸ್ಕ್ರೂ, ಮತ್ತು ಕಂಬದ ಬುಡದ ಬೋಲ್ಟು.

ಅವೆರಡನ್ನೂ ಹತ್ತಿರದಿಂದ ನೋಡಿಸಿ. ಸ್ಕ್ರೂವಿನ ತಲೆಯಡಿ ಕಪ್ಪು ರಬ್ಬರ್ ವಾಷರ್ ಇರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದು ಅದು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಆಮೇಲೆ ಸಂದಿಯಲ್ಲಿ ನೀರು ಇಳಿದು ಸ್ಕ್ರೂವಿನ ಸುತ್ತ ತುಕ್ಕಿನ ಉಂಗುರ ಮೂಡುತ್ತದೆ. ಕೈಯಲ್ಲಿ ತಿರುಗಿಸಿದರೆ ಸ್ಕ್ರೂ ತಿರುಗುತ್ತದಾ ಎಂದು ಕೇಳಿ. ತಿರುಗಿದರೆ ಗಾಳಿಗೆ ಅದು ಇಲ್ಲದ ಹಾಗೆಯೇ. ಕಂಬದ ಬುಡದಲ್ಲಿ ನೀರು ನಿಂತು ಪ್ಲೇಟ್ ಪದರ ಪದರವಾಗಿ ಏಳುತ್ತಿದ್ದರೆ ವೆಲ್ಡಿಂಗ್‌ನವರನ್ನು ಕರೆಸಲೇಬೇಕು. ಉಪ್ಪು ಗಾಳಿಯ ಮಲ್ಪೆ, ಉಳ್ಳಾಲದಲ್ಲಿ ಇದು ಬೇಗ ಆಗುತ್ತದೆ, ಒಳನಾಡಿನ ಕಾರ್ಕಳ, ಪುತ್ತೂರಿನಲ್ಲಿ ನಿಧಾನ. ಹಾರಿದ ಶೀಟು ನಮ್ಮ ಮನೆಗೆ ಮಾತ್ರ ನಷ್ಟ ಮಾಡುವುದಿಲ್ಲ. ಪಕ್ಕದ ಮನೆಯ ಹಂಚು, ಕರೆಂಟಿನ ತಂತಿ, ರಸ್ತೆಯಲ್ಲಿ ಹೋಗುವವರು, ಎಲ್ಲರ ಮೇಲೂ ಅದು ಬೀಳಬಹುದು. ಹಟ್ಟಿಗೆ, ಕೊಟ್ಟಿಗೆಗೆ ಹಾಕಿದ ಹಳೆ ಸಿಮೆಂಟ್ ಶೀಟಿನ ಮೇಲೆ ಮಾತ್ರ ಯಾರನ್ನೂ ನಡೆಸಬೇಡಿ. ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಅಪ್ಪ, ಅಮ್ಮ, ದೊಡ್ಡಪ್ಪ ಯಾರೂ ಏಣಿ ಹತ್ತಬಾರದು. ಇದನ್ನು ಫೋನಿನಲ್ಲಿ ಬಿಡಿಸಿ ಹೇಳಿ, ಯಾಕೆಂದರೆ ಮಗ ಫೋಟೋ ಕೇಳಿದ ಎಂದು ಹತ್ತಿಬಿಡುವವರು ಅವರು. ಫೋಟೋ ನೆಲದಲ್ಲಿ ನಿಂತೇ ಆಗುತ್ತದೆ. ಮಾಡಿನ ಇಡೀ ಬದಿ ಕಾಣುವಷ್ಟು ದೂರ ಅಂಗಳದಲ್ಲಿ ನಿಂತು ನಾಲ್ಕೂ ಕಡೆಯಿಂದ ತೆಗೆಯಲಿ. ಬಾವಿ ಬದಿ, ರಸ್ತೆ ಬದಿ, ಹಟ್ಟಿ ಬದಿ ಎಂದು ಹೆಸರಿಟ್ಟರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ. ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದರೆ ಎರಡು ವರ್ಷದ ಫೋಟೋ ಪಕ್ಕಪಕ್ಕ ಇಟ್ಟಾಗ ಎಲ್ಲಿ ಬಾಗಿದೆ ಎಂದು ಸುಲಭವಾಗಿ ಗೊತ್ತಾಗುತ್ತದೆ. ಆಮೇಲೆ ಒಳಗೆ. ಹಗಲು ಹೊತ್ತು ಅಟ್ಟದ ಲೈಟು ಆರಿಸಿ, ಬಾಗಿಲು ಮುಚ್ಚಿ ಮೇಲೆ ನೋಡಿದರೆ ಬೆಳಕು ಸೂಜಿಯಂತೆ ಇಳಿಯುವ ಕಡೆಯೆಲ್ಲ ನೀರಿಗೂ ದಾರಿ ಇದೆ. ಅಲ್ಲೆಲ್ಲ ಒಂದೊಂದು ಫೋಟೋ. ಎರಡು ಮಾಡು ಸೇರುವ ಕಡೆಯ ತಗಡಿನ ದಂಬೆ (ನೀರು ಹರಿಯುವ ದೋಣಿ) ಮರೆಯಬೇಡಿ. ಮಾವಿನ ಎಲೆ ತುಂಬಿ ಕಟ್ಟಿಕೊಳ್ಳುವುದು ಅಲ್ಲೇ.

ವಾಟ್ಸಾಪ್‌ನಲ್ಲಿ ಮಾಮೂಲಿ ಹಾಗೆ ಕಳಿಸಿದರೆ ಫೋಟೋ ಚಿಕ್ಕದಾಗುತ್ತದೆ, ತೆಗೆದ ದಿನ, ಸಮಯದ ವಿವರವೂ ಅದರಿಂದ ಅಳಿಸಿಹೋಗುತ್ತದೆ. "ಡಾಕ್ಯುಮೆಂಟ್" ಎಂದು ಆರಿಸಿ ಕಳಿಸಲು ಹೇಳಿಕೊಡಿ, ಎರಡೂ ಉಳಿಯುತ್ತವೆ. ಕೊನೆಗೆ ಒಂದು ಸಣ್ಣ ವೀಡಿಯೋ, ಮನೆಗೆ ಒಂದು ಸುತ್ತು ಬರುತ್ತಾ ತಾರೀಕು, ಮನೆ ನಂಬರ್ ಬಾಯಲ್ಲಿ ಹೇಳುತ್ತಾ.

ಇಷ್ಟೆಲ್ಲ ದಾಖಲೆ ಯಾರಿಗೆ ತೋರಿಸಲು? ಮೊದಲನೆಯದಾಗಿ ನಮಗೇ. "ಎಂತ ಇಲ್ಲ ಮಗಾ, ಸ್ವಲ್ಪ ಸೋರ್ತದೆ ಅಷ್ಟೆ" ಎಂದು ಅಮ್ಮ ಹೇಳುವಾಗ ಆ ಸ್ವಲ್ಪ ಎಷ್ಟು ಎಂದು ಫೋಟೋ ಹೇಳುತ್ತದೆ. ಎರಡನೆಯದು ವಿಮೆಯವರಿಗೆ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಒಂದೇ ರೀತಿಯ ಷರತ್ತಿನಲ್ಲಿ ಸಿಗುತ್ತಿದೆ. ಬಿರುಗಾಳಿ, ನೆರೆ, ಸಿಡಿಲು ಅದರಲ್ಲಿ ಸೇರಿವೆ. ಹಳೆಯದಾಗಿ ಸವೆದು ಹಾಳಾದದ್ದು ಸೇರುವುದಿಲ್ಲ. ಅಲ್ಲೇ ತಕರಾರು ಬರುವುದು. ಮಾಡು ಮೊದಲೇ ಹಾಳಾಗಿತ್ತು ಎಂದು ಸರ್ವೇಯರ್ ಹೇಳಿದರೆ ಮೇ ತಿಂಗಳ ಫೋಟೋ, ರಿಪೇರಿ ಬಿಲ್ಲು ಬಿಟ್ಟು ನಮ್ಮ ಪರ ಮಾತಾಡಲು ಬೇರೆ ಏನೂ ಇಲ್ಲ. ಬೀಗ ಹಾಕಿದ ಮನೆಯಾದರೆ, ಅದು ಎಷ್ಟು ದಿನ ಖಾಲಿ ಇರಬಹುದು ಎಂದು ಕಂಪನಿಯನ್ನು ಈಗಲೇ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಮ್ಮಂಥವರಿಗೆ ಅದೇ ಮುಖ್ಯ ಪ್ರಶ್ನೆ.

ಸರಕಾರದ ಪರಿಹಾರವೂ ಇದೆ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. 2022ರಿಂದ 2026ರವರೆಗೆ ಕೇಂದ್ರ ಗೊತ್ತು ಮಾಡಿದ ದರದಲ್ಲಿ ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ಇತ್ತು. ಅದೂ ಕನಿಷ್ಠ ಶೇಕಡಾ 15ರಷ್ಟು ಹಾನಿಯಾಗಿದ್ದರೆ. ಒಂದು ಬದಿ ಮಾಡಿನ ರಿಪೇರಿಗೂ ಅದು ಸಾಲದು. ಆದರೂ ಅರ್ಜಿ ಹಾಕಿ. ಗ್ರಾಮ ಆಡಳಿತಾಧಿಕಾರಿ, ನಾವು ಹಿಂದೆ ಗ್ರಾಮಕರಣಿಕರು ಎನ್ನುತ್ತಿದ್ದವರು, ಬಂದು ಮಹಜರು ಮಾಡುತ್ತಾರೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ಅಥವಾ ಅದು ಹತ್ತು ಜನರ ಪಾಲಿನ ಕುಟುಂಬದ ಮನೆಯಾದರೆ, ಯಾರ ಹೆಸರಿಗೆ ಅರ್ಜಿ ಎಂಬಲ್ಲೇ ಕೆಲಸ ನಿಂತುಬಿಡುತ್ತದೆ. ಮಳೆಗೆ ಮೊದಲೇ ಮನೆಯವರು ಕೂತು ಅದನ್ನು ಮಾತಾಡಿಕೊಳ್ಳಿ.

ಗಾಳಿಗೆ ಏನಾದರೂ ಆಗಿಯೇ ಹೋದರೆ, ತಂತಿ ಹರಿದು ಬಿದ್ದಿದೆಯಾ ಎಂದು ನೋಡದೆ ಯಾರೂ ಅಂಗಳಕ್ಕೆ ಇಳಿಯಬಾರದು. ಕರೆಂಟಿಗೆ 1912, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ಗುಡಿಸುವ ಮೊದಲು ಬಿದ್ದದ್ದನ್ನು ಬಿದ್ದ ಹಾಗೆಯೇ ಫೋಟೋ ತೆಗೆಯಲಿ. ಆಮೇಲೆ ಟರ್ಪಾಲು ಹಾಕಿ, ಹಾಕಿದ ಮೇಲೆ ಇನ್ನೊಂದು ಫೋಟೋ, ಟರ್ಪಾಲಿನ ಬಿಲ್ಲು ಕೂಡ. ಒಡೆದ ಹಂಚು, ಮಡಚಿದ ಶೀಟು ಪರಿಶೀಲನೆ ಮುಗಿಯುವ ತನಕ ಹಿತ್ತಿಲಲ್ಲೇ ಇರಲಿ. ಅಂಗಳ ಚೊಕ್ಕ ಮಾಡುವ ಆತುರದಲ್ಲಿ ಅದನ್ನು ಸಾಗಿಸಿಬಿಟ್ಟರೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

ಈ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಖಾಲಿ ನಮೂನೆ ಹಾಕಿದ್ದೇವೆ. ಮಾಡು ಯಾವ ರೀತಿಯದ್ದು, ಹಂಚಿನ ಹೆಸರು, ಕೊನೆಯ ರಿಪೇರಿಯ ವರ್ಷ, ಕೆಲಸದವರ ಫೋನ್, ಕರೆಂಟಿನ ಆರ್.ಆರ್. ನಂಬರ್, ಬೀಗದ ಕೈ ಯಾರ ಹತ್ತಿರ ಇದೆ, ಇಷ್ಟು ಬರೆದು ಒಂದು ಪ್ರತಿ ನಿಮ್ಮಲ್ಲಿ, ಒಂದು ಊರಿನಲ್ಲಿ ಇಡಿ. ಮೇ ತಿಂಗಳಲ್ಲಿ ಊರಿಗೆ ಹೋಗುವವರು ಸಮಿತಿಗೆ ತಿಳಿಸಿ. ನಿಮ್ಮ ಹತ್ತಿರದ ಊರಿನಲ್ಲಿ ವಯಸ್ಸಾದವರಷ್ಟೇ ಇರುವ, ಇಲ್ಲವೇ ಬೀಗ ಹಾಕಿರುವ ಸದಸ್ಯರ ಮನೆ ಇದ್ದರೆ, ಮನೆಯವರ ಒಪ್ಪಿಗೆ ಪಡೆದು ವಿಳಾಸ ಕೊಡುತ್ತೇವೆ. ಅರ್ಧ ದಿನ ಬಿಡುವು ಮಾಡಿಕೊಂಡು ಆ ಮಾಡಿನ ಫೋಟೋ ತೆಗೆದುಕೊಡಿ.