ಮಿನಿಮಮ್ ಅಷ್ಟೇ ಕಟ್ಟಿದೆ ಅಂತ ಬರೆದಿದ್ದೀಯ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದರೆ ಸಿಗುವ ಪಾಯಿಂಟಿನ ಬಗ್ಗೆ ನೀನು ಪತ್ರದಲ್ಲಿ ಬರೆದ ಮಾತು ಎರಡು ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ. "ಪಾಯಿಂಟಿನ ಬೆಲೆ ಯಾವಾಗ ಇಳಿಸ್ತಾರೋ ಅಂತ ಭಯ. ಅದಕ್ಕೇ ಬೇಗ ಬೇಗ ಖರ್ಚು ಮಾಡಿ ಕೂಡಿಸ್ತಿದ್ದೀನಿ. ಈ ತಿಂಗಳು ಮಿನಿಮಮ್ ಅಷ್ಟೇ ಕಟ್ಟಿದೆ." ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಚೂರನ್ನಷ್ಟೇ ಕಟ್ಟಿ ಉಳಿದದ್ದನ್ನು ಬಾಕಿ ಬಿಟ್ಟಿದ್ದೀಯ. ಅಪ್ಪ ಅಮ್ಮನನ್ನು ವಿಮಾನದಲ್ಲಿ ಕಾಶಿಗೆ ಕರೆದೊಯ್ಯಬೇಕು ಅಂತ ಇಷ್ಟೆಲ್ಲ ಮಾಡುತ್ತಿದ್ದೀಯ. ಅದಕ್ಕೆ ನಿನ್ನನ್ನು ಬೈಯಲೂ ಮನಸ್ಸು ಬರುತ್ತಿಲ್ಲ.

ನಿನ್ನ ಭಯ ಸುಳ್ಳಲ್ಲ. ನಿನ್ನ ಅಣ್ಣನನ್ನು ಕೂರಿಸಿಕೊಂಡು ಎಲ್ಲ ಕೇಳಿದೆ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ ಮೊದಲು 5 ಪಾಯಿಂಟಿಗೆ ವಿಮಾನ ಕಂಪನಿಯ 4 ಮೈಲ್ ಸಿಗುತ್ತಿತ್ತಂತೆ. ಮೈಲ್ ಅಂದರೆ ಟಿಕೆಟಿಗೆ ಬಳಸುವ ಆ ಕಂಪನಿಯದೇ ಪಾಯಿಂಟು. 2023ರ ಸೆಪ್ಟೆಂಬರಿನಿಂದ ಅದೇ 5ಕ್ಕೆ 2 ಆಯಿತು. ಕೂಡಿಟ್ಟವರ ಗಂಟು ಅಲ್ಲೇ ಅರ್ಧವಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ಹಾರಾಟವನ್ನೇ ನಿಲ್ಲಿಸಿತು, ಅದರಲ್ಲಿ ಹೋಗಬೇಕು ಅಂತ ಮೈಲ್ ಕೂಡಿಟ್ಟವರಿಗೆ ಹತ್ತಲು ಆ ವಿಮಾನವೇ ಇರಲಿಲ್ಲ. ಇದನ್ನೆಲ್ಲ ಕೇಳಿದ ಮೇಲೆ ನನಗೆ ಅನಿಸಿದ್ದು ಬೇರೆಯೇ. ಬೆಲೆ ಇಳಿಯುತ್ತೆ ಅನ್ನುವ ಭಯ ಇದ್ದವನು ಇರುವ ಪಾಯಿಂಟನ್ನು ಬೇಗ ಬಳಸಬೇಕು ಅಲ್ವಾ? ನೀನು ಅದೇ ಭಯಕ್ಕೆ ಇನ್ನೂ ಕೂಡಿಸುತ್ತಿದ್ದೀಯ. ಇಳಿಯುವ ಮಾಲನ್ನು ಯಾರಾದರೂ ಗೋಡೌನಿನಲ್ಲಿ ತುಂಬಿಸುತ್ತಾರಾ?

ನಾನು ತುಂಬಿಸಿದ್ದೆ. ದೊಡ್ಡಮ್ಮನನ್ನು ಬಿಟ್ಟರೆ ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

1996. ತೀರ್ಥಹಳ್ಳಿಯ ನಮ್ಮ ಅಂಗಡಿ ಆಗಷ್ಟೇ ಕಾಲೂರಿತ್ತು. ಒಂದು ಸಿಮೆಂಟ್ ಕಂಪನಿಯವರು ಡೀಲರುಗಳಿಗೆ ಸ್ಕೀಮ್ ಕೊಟ್ಟರು. ಮೇ ಮುಗಿಯುವುದರೊಳಗೆ ಟಾರ್ಗೆಟ್ ಮುಟ್ಟಿದರೆ ಸಿಂಗಾಪುರ ಟೂರ್. ನನಗೆ 300 ಮೂಟೆ ಕಡಿಮೆ ಬಿತ್ತು. ಇಷ್ಟು ಹತ್ತಿರ ಬಂದು ಬಿಟ್ಟರೆ ಇಲ್ಲಿವರೆಗೆ ಎತ್ತಿದ್ದೂ ದಂಡ ಅನ್ನುವ ಭಯ. ನಿನ್ನದೇ ಭಯ, ಪುಟ್ಟಾ. ದೊಡ್ಡಮ್ಮನ ಬಳೆ ಅಡವಿಟ್ಟು ಆ 300 ಮೂಟೆ ಎತ್ತಿದೆ. ಜೂನ್ ಬಂತು. ನಮ್ಮ ಕಡೆ ಮಳೆ ಹಿಡಿದರೆ ಹೇಗಿರುತ್ತೆ ನಿನಗೆ ಗೊತ್ತು. ಮನೆ ಕಟ್ಟುವವರೆಲ್ಲ ಕೆಲಸ ನಿಲ್ಲಿಸಿದರು. ಗೋಡೌನಿನ ನೆಲ ತೇವ ಎಳೆದು ಮೂಟೆಗಳು ಒಂದೊಂದಾಗಿ ಕಲ್ಲಾದವು. ಹಿತ್ತಿಲಿನ ಬಾವಿಗೆ ಹೋಗುವ ದಾರಿಯಲ್ಲಿ ನೀವೆಲ್ಲ ಕುಣಿದಾಡುತ್ತಿದ್ದ ಆ ಬೂದು ಕಲ್ಲುಗಳು ಅವೇ.

ಸಿಂಗಾಪುರಕ್ಕೆ ನಾಲ್ಕು ದಿನ ಹೋಗಿ ಬಂದೆ. ಒಬ್ಬನಿಗೇ ಟಿಕೆಟ್. ಅಲ್ಲೂ ಬಡ್ಡಿಯದೇ ಲೆಕ್ಕ ಹಾಕುತ್ತಿದ್ದೆ. ಬಳೆ ಬಿಡಿಸಲು ಮೂರು ವರ್ಷ ಹಿಡಿಯಿತು. 1997ರಲ್ಲಿ ನಿನ್ನ ಅಪ್ಪನ ಮದುವೆ ಆಯಿತಲ್ಲ, ಆ ಫೋಟೋ ತೆಗೆದು ನೋಡು. ದೊಡ್ಡಮ್ಮನ ಕೈಯಲ್ಲಿ ಬರೀ ಗಾಜಿನ ಬಳೆ. ಅವಳು ಈವರೆಗೆ ಒಂದು ಮಾತೂ ಆಡಿಲ್ಲ.

ಅದಕ್ಕೇ ನಿನ್ನ "ಮಿನಿಮಮ್ ಅಷ್ಟೇ" ಓದಿ ಎದೆ ಧಸಕ್ಕೆಂದಿತು. ನೀನೇ ಬರೆದ ಲೆಕ್ಕ ತಗೋ. 150 ರೂಪಾಯಿ ಖರ್ಚಿಗೆ 4 ಪಾಯಿಂಟ್, ಟಿಕೆಟಿಗೆ ಬಳಸಿದರೆ ಪಾಯಿಂಟಿಗೆ 50 ಪೈಸೆ. ಅಂದರೆ 100 ರೂಪಾಯಿಗೆ ನಿನಗೆ ಸಿಗುವುದು 1 ರೂಪಾಯಿ 33 ಪೈಸೆ, ಒಂದೇ ಸಲ. ಬಾಕಿ ಉಳಿಸಿದ 100 ರೂಪಾಯಿಗೆ ನಿನ್ನ ಕಾರ್ಡಿನವರ ಬಡ್ಡಿ 3.75, ಅದರ ಮೇಲೆ 18% ಜಿಎಸ್‌ಟಿ. ನಾಲ್ಕೂವರೆ ರೂಪಾಯಿ ಹತ್ತಿರ, ಪ್ರತಿ ತಿಂಗಳೂ. ಇನ್ನೊಂದು. ಪೂರ್ತಿ ಬಿಲ್ ಕಟ್ಟದಿದ್ದರೆ ಬಡ್ಡಿಯಿಲ್ಲದ ದಿನಗಳೂ ಹೋಗುತ್ತವೆ. ಇವತ್ತು ಕೊಂಡ ಸಾಮಾನಿಗೆ ಇವತ್ತಿನಿಂದಲೇ ಬಡ್ಡಿ ಶುರು.

ನಿನಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ, ನೀನು ಓದಿದವನು. ಆದರೂ ಕಾಶಿ ಟಿಕೆಟಿನ ದುಡ್ಡಿನ ಬೆಲೆ ಮೊದಲು ನೋಡು. ಪಾಯಿಂಟ್ ಕೊಟ್ಟ ಮೇಲೂ ಕೈಯಿಂದ ಕಟ್ಟಬೇಕಾದ ತೆರಿಗೆ ಇದ್ದರೆ ಅದನ್ನು ಕಳೆ. ಉಳಿದದ್ದನ್ನು ಪಾಯಿಂಟಿನಿಂದ ಭಾಗಿಸು. ನಿನ್ನ ಪಾಯಿಂಟಿನ ನಿಜವಾದ ಬೆಲೆ ಅದು. ಅದೇ ಪಾಯಿಂಟಿಗೆ ಮಿಕ್ಸರ್, ಗಡಿಯಾರ ತಗೊಂಡರೆ ಬೆಲೆ ಇನ್ನೂ ಕಮ್ಮಿ ಅಂತ ಅಣ್ಣ ಹೇಳಿದ. ವಿಮಾನ ಕಂಪನಿಗೆ ವರ್ಗ ಮಾಡುವುದಾದರೆ ಸೀಟು ಇದೆಯಾ ಅಂತ ನೋಡಿಕೊಂಡೇ ಮಾಡಬೇಕಂತೆ, ಆಮೇಲೆ ವಾಪಸ್ ಬರುವುದಿಲ್ಲ.

ಇರುವ ಪಾಯಿಂಟಿಗೆ ಒಬ್ಬರ ಟಿಕೆಟ್ ಆದರೆ ಈಗಲೇ ಮಾಡಿಬಿಡು. ಇನ್ನೊಂದನ್ನು ದುಡ್ಡು ಕೊಟ್ಟು ತಗೊಳ್ಳೋಣ. ಎರಡೂ ಪಾಯಿಂಟಿನಲ್ಲೇ ಆಗಬೇಕು ಅಂತ ಯಾಕೆ ಹಟ? ಉಳಿದದ್ದು ಹಾಳಾಗುತ್ತೆ ಅನ್ನುವ ಭಯ ಮತ್ತೆ ಬಂದರೆ ನನಗೆ ಫೋನ್ ಮಾಡು. ರಾತ್ರಿಯಾದರೂ ಸರಿ.

ಬಾಕಿ ಎಷ್ಟು ಅಂತ ನೀನು ಬರೆದಿಲ್ಲ. ಬರೆ. ಅಡಿಕೆ ದುಡ್ಡು ಬಂದಿದೆ, ಮುಂದಿನ ಬಿಲ್ಲಿಗೆ ಮೊದಲೇ ಕಳಿಸುತ್ತೇನೆ. ನಿನಗೆ ಆದಾಗ ಕೊಡು. ನಿನ್ನ ಅಪ್ಪನಿಗೆ ಹೇಳುವುದಿಲ್ಲ. ದೊಡ್ಡಮ್ಮನಿಗೆ ಹೇಳಿದ್ದೇನೆ, ಕಳಿಸಿ ಅಂತ ಮೊದಲು ಹೇಳಿದ್ದೇ ಅವಳು.

ಇಂತಿ,
ನಿನ್ನ ದೊಡ್ಡಪ್ಪ